ವಿಮಾನ ನಿಲ್ದಾಣದ ಸಾಮರ್ಥ್ಯ ವಿಸ್ತರಣೆ ಹಾಗೂ ವರ್ತೂರು ಭಾಗದ ಕಟ್ಟಡಗಳ ಎತ್ತರ: ಅರ್ಜಿದಾರರಿಗೆ ಮಾಹಿತಿ

ಬೆಂಗಳೂರಿನ ನಾಗರಿಕ ವಿಮಾನಯಾನವು 2008ರ ಮೇ 24ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ದೇವನಹಳ್ಳಿ ಸಮೀಪದ ನೂತನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಸ್ಥಳಾಂತರಗೊಂಡಿತು. 2013ರಲ್ಲಿ ನೂತನ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರನ್ನಿಡಲಾಯಿತು. ಅಂದಿನಿಂದ ವರ್ತೂರು, ಗುಂಜೂರು, ವೈಟ್‌ಫೀಲ್ಡ್ ಭಾಗದ ನಾಗರಿಕರಲ್ಲಿ ಎರಡು ಪ್ರಶ್ನೆಗಳು ಉಳಿದುಕೊಂಡಿವೆ. ಹತ್ತಿರದಲ್ಲಿಯೇ ಇದ್ದ ನಿಲ್ದಾಣವನ್ನು ವಿಸ್ತರಿಸದೆ ಅಷ್ಟು ದೂರಕ್ಕೆ ಹೋದದ್ದೇಕೆ ಎಂಬುದು ಮೊದಲನೆಯದು. ಪ್ರಯಾಣಿಕ ವಿಮಾನಗಳೇ ನಿಂತ ಮೇಲೆ ಕಟ್ಟಡಗಳಿಗೆ ಎತ್ತರದ ನಿರಾಕ್ಷೇಪಣಾ ಪತ್ರವೇಕೆ ಎಂಬುದು ಎರಡನೆಯದು.

ವಿಮಾನ ನಿಲ್ದಾಣದ ಸಾಮರ್ಥ್ಯವೆಂದರೆ ಟರ್ಮಿನಲ್ ಕಟ್ಟಡದ ವಿಸ್ತೀರ್ಣವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ರನ್‌ವೇ, ರನ್‌ವೇಯನ್ನು ತಲುಪಿಸುವ ಟ್ಯಾಕ್ಸಿವೇ, ವಿಮಾನಗಳು ನಿಲ್ಲುವ ಪ್ರಾಂಗಣ, ಟರ್ಮಿನಲ್ ಹಾಗೂ ಹೊರಗಿನ ರಸ್ತೆ ಇವುಗಳಲ್ಲಿ ಯಾವುದು ಅತ್ಯಂತ ಕಿರಿದೋ ಅದೇ ಇಡೀ ನಿಲ್ದಾಣದ ಮಿತಿಯಾಗುತ್ತದೆ. ಒಂದು ರನ್‌ವೇಯಲ್ಲಿ ಒಂದು ವೇಳೆಗೆ ಒಂದೇ ವಿಮಾನಕ್ಕೆ ಅವಕಾಶ. ಇಳಿದ ವಿಮಾನವು ರನ್‌ವೇಯಿಂದ ಹೊರಳಿದ ನಂತರವೇ ಮುಂದಿನದಕ್ಕೆ ಅನುಮತಿ. ದೊಡ್ಡ ವಿಮಾನದ ಹಿಂದೆ ಏಳುವ ಗಾಳಿಯ ಸುಳಿಯಿಂದ ಅಪಾಯವಾಗದಂತೆ, ಅದರ ಹಿಂದೆ ಬರುವ ಸಣ್ಣ ವಿಮಾನವನ್ನು ಇನ್ನಷ್ಟು ದೂರದಲ್ಲಿ ಇರಿಸಬೇಕಾಗುತ್ತದೆ. ಈ ಅಂತರಗಳನ್ನು ಯಾವ ಟರ್ಮಿನಲ್ಲೂ ಕಡಿಮೆ ಮಾಡಲಾರದು.

ಎರಡು ರನ್‌ವೇಗಳಿದ್ದ ಮಾತ್ರಕ್ಕೆ ಸಾಮರ್ಥ್ಯ ಇಮ್ಮಡಿಯಾಗುವುದೂ ಇಲ್ಲ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯುವುದರಿಂದ ಎರಡನ್ನೂ ಏಕಕಾಲದಲ್ಲಿ ಸ್ವತಂತ್ರವಾಗಿ ಬಳಸಲಾಗದು. ಎರಡರಲ್ಲಿಯೂ ಸ್ವತಂತ್ರವಾಗಿ ವಿಮಾನ ಇಳಿಸಬೇಕಾದರೆ ರನ್‌ವೇಗಳು ಸಮಾನಾಂತರವಾಗಿದ್ದು, ಅವುಗಳ ನಡುವೆ ಕನಿಷ್ಠ ಒಂದು ಕಿಲೋಮೀಟರಿಗೂ ಮಿಕ್ಕಿದ ಅಂತರವಿರಬೇಕು. ಎಚ್‌ಎಎಲ್ ನಿಲ್ದಾಣದಲ್ಲಿ ಇದ್ದುದು 3,306 ಮೀಟರ್ ಉದ್ದದ ಒಂದೇ ರನ್‌ವೇ. ಅದನ್ನು ಪರೀಕ್ಷಾ ಹಾರಾಟಗಳೊಡನೆ ಹಂಚಿಕೊಳ್ಳಬೇಕಾಗಿತ್ತು. ಸುತ್ತಲೂ ಮಾರತಹಳ್ಳಿ, ಮುರುಗೇಶಪಾಳ್ಯ, ಯಮಲೂರು ಬೆಳೆದು ನಿಂತಿದ್ದವು. ಎರಡನೆಯ ರನ್‌ವೇಗೆ ಅಲ್ಲಿ ಭೂಮಿಯೇ ಇರಲಿಲ್ಲ.

ದೇವನಹಳ್ಳಿಯಲ್ಲಿ ಸುಮಾರು 4,000 ಎಕರೆ ಭೂಮಿಯನ್ನು ಒದಗಿಸಿದ ಉದ್ದೇಶ ಇದರಿಂದ ಸ್ಪಷ್ಟವಾಗುತ್ತದೆ. ಒಂದು ಕೋಟಿಗೆ ತುಸು ಮೇಲ್ಪಟ್ಟ ವಾರ್ಷಿಕ ಪ್ರಯಾಣಿಕರಿಗೆಂದು ಆರಂಭವಾದ ಆ ನಿಲ್ದಾಣದ ಮೊದಲ ಟರ್ಮಿನಲ್ಲನ್ನು 2013ರಲ್ಲಿ ವಿಸ್ತರಿಸಲಾಯಿತು. 4,000 ಮೀಟರ್ ಉದ್ದದ ಎರಡನೆಯ ರನ್‌ವೇ 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂದಿತು. ವಾರ್ಷಿಕ 2.5 ಕೋಟಿ ಪ್ರಯಾಣಿಕರ ಸಾಮರ್ಥ್ಯದ ಎರಡನೆಯ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಗೊಂಡು, 2023ರ ಜನವರಿಯಲ್ಲಿ ದೇಶೀಯ, ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಸೇವೆಗಳನ್ನು ಆರಂಭಿಸಿತು. ರನ್‌ವೇ ಮೊದಲು, ಟರ್ಮಿನಲ್ ಆಮೇಲೆ ಎಂಬ ಈ ಕ್ರಮ ಸೂಕ್ತವಾದುದೇ. 2024-25ರಲ್ಲಿ ಪ್ರಯಾಣಿಕರ ಸಂಖ್ಯೆ 4 ಕೋಟಿಯನ್ನು ದಾಟಿತು. ರಸ್ತೆಯ ವಿಷಯ ಬೇರೆ. ವರ್ತೂರಿನಿಂದ ಸುಮಾರು 40 ಕಿ.ಮೀ. ಕ್ರಮಿಸಬೇಕಾದ ಪ್ರಯಾಣಿಕನಿಗೆ ನಿಲ್ದಾಣದೊಳಗೆ ಉಳಿಯುವ ಸಮಯ ಹೆಬ್ಬಾಳದಲ್ಲಿಯೋ ಬೂದಿಗೆರೆ ಕ್ರಾಸ್‌ನಲ್ಲಿಯೋ ಕಳೆದುಹೋಗುವುದುಂಟು.

2004ರಲ್ಲಿ ಮಾಡಿಕೊಂಡ ರಿಯಾಯಿತಿ ಒಪ್ಪಂದದಂತೆ ಎಚ್‌ಎಎಲ್ ನಿಲ್ದಾಣವು ವಾಣಿಜ್ಯ ಪ್ರಯಾಣಿಕ ಸೇವೆಗೆ ಲಭ್ಯವಿರುವುದಿಲ್ಲ. ಮೈಸೂರು ಮತ್ತು ಹಾಸನವನ್ನು ಹೊರತುಪಡಿಸಿ, 150 ಕಿ.ಮೀ. ವ್ಯಾಪ್ತಿಯಲ್ಲಿ ಬೇರೆ ಅಂತರರಾಷ್ಟ್ರೀಯ ನಿಲ್ದಾಣಕ್ಕೆ 25 ವರ್ಷ, ಅಂದರೆ 2033ರವರೆಗೆ, ನಿರ್ಬಂಧವಿದೆ. ಆದರೆ ಎಚ್‌ಎಎಲ್ ನಿಲ್ದಾಣವು ಮುಚ್ಚಿಹೋಗಿಲ್ಲ. ಪರೀಕ್ಷಾ ಹಾರಾಟಗಳು, ಗಣ್ಯರ ವಿಮಾನಗಳು ಹಾಗೂ ಬಾಡಿಗೆ ವಿಮಾನಗಳು ಅದನ್ನು ಬಳಸುತ್ತಲೇ ಇವೆ.

ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಎತ್ತರದ ನಿರ್ಬಂಧವು ಟಿಕೆಟ್ ಮಾರಾಟವನ್ನಲ್ಲ, ವಿಮಾನದ ಹಾರಾಟವನ್ನು ಅವಲಂಬಿಸಿದೆ. ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2015ರಲ್ಲಿ ಹೊರಡಿಸಿದ ಎತ್ತರ ನಿರ್ಬಂಧ ನಿಯಮಗಳಂತೆ, ಸಾಮಾನ್ಯ ಕಟ್ಟಡಗಳ ವಿಷಯದಲ್ಲಿ ನಿಲ್ದಾಣದ ನಿರ್ದೇಶಕ ಬಿಂದುವಿನಿಂದ 20 ಕಿ.ಮೀ. ವ್ಯಾಪ್ತಿಯನ್ನು ಪರಿಗಣಿಸಲಾಗುತ್ತದೆ. ದೇವನಹಳ್ಳಿಯ ನಿಲ್ದಾಣವು ವರ್ತೂರಿನಿಂದ ನೇರ ಅಂತರದಲ್ಲಿಯೂ 25 ಕಿ.ಮೀ.ಗಿಂತ ಹೆಚ್ಚು ದೂರವಿದೆ. ಎಚ್‌ಎಎಲ್ ನಿಲ್ದಾಣವಾದರೋ ಈ ವ್ಯಾಪ್ತಿಯೊಳಗೇ ಇದೆ. ಅದರ ರನ್‌ವೇ ಪೂರ್ವ-ಪಶ್ಚಿಮವಾಗಿದ್ದು, ಪೂರ್ವದಿಂದ ಇಳಿಯುವ ವಿಮಾನಗಳ ಮಾರ್ಗ ವರ್ತೂರಿನ ಸಮೀಪದಲ್ಲಿಯೇ ಹಾಯುತ್ತದೆ. ದೇವನಹಳ್ಳಿಯಲ್ಲಿ ಎಷ್ಟೇ ವಿಸ್ತರಣೆಯಾದರೂ ವರ್ತೂರಿನ ಕಟ್ಟಡದ ಮಿತಿ ಸಡಿಲವಾಗದು.

ಅರ್ಜಿದಾರರು ಹೆಚ್ಚಾಗಿ ಎಡವುವುದು ಅಳತೆಯಲ್ಲಿ. ನಿರಾಕ್ಷೇಪಣಾ ಪತ್ರದಲ್ಲಿ ನಮೂದಾಗುವ ಗರಿಷ್ಠ ಮಟ್ಟವು ನೆಲದಿಂದಲ್ಲ, ಸರಾಸರಿ ಸಮುದ್ರ ಮಟ್ಟದಿಂದ ಅಳೆದದ್ದಾಗಿರುತ್ತದೆ. ಎಚ್‌ಎಎಲ್ ನಿಲ್ದಾಣವೇ ಸಮುದ್ರ ಮಟ್ಟದಿಂದ 888 ಮೀಟರ್ ಎತ್ತರದಲ್ಲಿದೆ. ನಿದರ್ಶನಕ್ಕಾಗಿ ಮಾತ್ರ ಹೇಳುವುದಾದರೆ, ಅನುಮತಿಸಿದ ಮಟ್ಟ 930 ಮೀಟರ್ ಇದ್ದು ನಿವೇಶನದ ನೆಲಮಟ್ಟ 880 ಮೀಟರ್ ಇದ್ದಲ್ಲಿ ಕಟ್ಟಡಕ್ಕೆ ದೊರೆಯುವುದು 50 ಮೀಟರ್. ಅದೇ ಬೀದಿಯ ದಿಬ್ಬದ ಮೇಲಿನ, 890 ಮೀಟರ್ ನೆಲಮಟ್ಟದ ನಿವೇಶನಕ್ಕೆ ದೊರೆಯುವುದು 40 ಮೀಟರ್. ಅಂದರೆ ಸುಮಾರು ಮೂರು ಅಂತಸ್ತು ಕಡಿಮೆ. ನೆರೆಯವರ ಕಟ್ಟಡವನ್ನು ನೋಡಿ ಅಂತಸ್ತು ನಿರ್ಧರಿಸುವುದು ಇದರಿಂದಲೇ ಅಪಾಯಕರ. ನೀರಿನ ತೊಟ್ಟಿ, ಲಿಫ್ಟ್ ಕೊಠಡಿ, ಸಿಡಿಲುವಾಹಕ, ಮೊಬೈಲ್ ಗೋಪುರ ಇವೆಲ್ಲವೂ ಗರಿಷ್ಠ ಮಟ್ಟದೊಳಗೇ ಸೇರಬೇಕು.

ಆದುದರಿಂದ ನಿವೇಶನದ ಅಕ್ಷಾಂಶ, ರೇಖಾಂಶ ಮತ್ತು ನೆಲಮಟ್ಟವನ್ನು ಅರ್ಹ ಸರ್ವೇಯರರಿಂದ ಮೊದಲೇ ದೃಢೀಕರಿಸಿಕೊಂಡು, ನಿರಾಕ್ಷೇಪಣಾ ಪತ್ರ ದೊರೆತ ನಂತರ ನಕ್ಷೆಯನ್ನು ಅಂತಿಮಗೊಳಿಸುವುದು ಸೂಕ್ತ. ನಿಯಮ ಮೀರಿದ ಭಾಗವನ್ನು ತೆರವುಗೊಳಿಸಲು ಕಾನೂನಿನಲ್ಲಿ ಅವಕಾಶವಿದೆ. ಅಂತಹ ಸಂದರ್ಭದಲ್ಲಿ ಮೊದಲು ನಷ್ಟವಾಗುವುದು ಮೇಲಂತಸ್ತಿನ ಮನೆ ಕೊಂಡವರಿಗೆ. ಅಪಾರ್ಟ್‌ಮೆಂಟ್ ಖರೀದಿದಾರರು ಕರಾರಿಗೆ ಮುನ್ನ ನಿರಾಕ್ಷೇಪಣಾ ಪತ್ರದ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿನ ಗರಿಷ್ಠ ಮಟ್ಟವನ್ನು ಮಂಜೂರಾದ ನಕ್ಷೆಯೊಡನೆ ತಾಳೆ ನೋಡತಕ್ಕದ್ದು.