ಅನಿಲದ ಕಾವು ಹೇಳುವ ಬೆಳಗುವ ಪುಡಿ

ಮೇ ತಿಂಗಳ ಮಧ್ಯಾಹ್ನ ಬಳ್ಳಾರಿ ಬಳಿಯ ಕೊಳಗಲ್ಲಿನ ಬಯಲಲ್ಲಿ ಥರ್ಮಾಮೀಟರನ್ನು ಬಿಸಿಲಿಗೆ ಹಿಡಿದರೆ ಅದು ತೋರಿಸುವುದು ಗಾಳಿಯ ಕಾವನ್ನಲ್ಲ, ಬಿಸಿಲಿಗೆ ಕಾದ ತನ್ನ ಮೈಯ ಕಾವನ್ನು. ಹವಾಮಾನ ಇಲಾಖೆಯವರು ಅದನ್ನು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಇಡುವುದು ಅದಕ್ಕೇ. ಕುಲುಮೆಯೊಳಗೆ ಇದೇ ತೊಡಕು ತಿರುವುಮುರುವು. ಅಲ್ಲಿ ಅನಿಲ ಬಿಸಿ, ಗೋಡೆ ಅದಕ್ಕಿಂತ ತಂಪು. ಕಾವು ಅಳೆಯುವ ಥರ್ಮೋಕಪಲ್ ತಂತಿಯ ತುದಿ ಗೋಡೆಯತ್ತ ಶಾಖ ಸೂಸುತ್ತಾ ಅನಿಲಕ್ಕಿಂತ ಕಡಿಮೆ ಕಾವು ತೋರಿಸುತ್ತದೆ. ಸಾವಿರ ಡಿಗ್ರಿಯ ಮೇಲೆ ಈ ವ್ಯತ್ಯಾಸ ನೂರು ಡಿಗ್ರಿ ದಾಟುವುದೂ ಉಂಟು.

ಬಳ್ಳಾರಿ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳ ತಿರುಗುವ ಕಿಲ್ನ್‌ಗಳಲ್ಲಿ ಕಾವು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕಿಲ್ನಿನ ಕವಚದುದ್ದಕ್ಕೂ ಥರ್ಮೋಕಪಲ್ ಹಾಕಿರುತ್ತಾರೆ. ಅದರ ಕೊಳವೆಯ ಮೇಲೆ ಬೂದಿ, ಅದಿರಿನ ಪುಡಿ ಕರಗಿ ಅಂಟಿ ಹೆಪ್ಪುಗಟ್ಟಿತೆಂದರೆ ಪರದೆಯ ಮೇಲಿನ ಅಂಕಿ ನಂಬುವಂತಿರುವುದಿಲ್ಲ. ಕಾವು ಕಡಿಮೆಯಾದರೆ ಅದಿರು ಅರೆಬೆಂದು ಉಳಿಯುತ್ತದೆ, ಹೆಚ್ಚಾದರೆ ಒಳಗೋಡೆಗೆ ಗಟ್ಟಿ ಉಂಗುರ ಕಟ್ಟಿ ಕಿಲ್ನ್ ನಿಲ್ಲಿಸಬೇಕಾಗುತ್ತದೆ.

ಇದಕ್ಕೆ ಪ್ರಯೋಗಾಲಯದವರು ಕಂಡುಕೊಂಡ ದಾರಿ, ಅಳೆಯುವ ವಸ್ತುವನ್ನೇ ಅನಿಲದೊಂದಿಗೆ ಹರಿಯುವಷ್ಟು ಚಿಕ್ಕದು ಮಾಡುವುದು. ಸುಮಾರು 2 ಮೈಕ್ರಾನ್ ಗಾತ್ರದ, ಬೆಳಕು ಬಿದ್ದರೆ ತಾನೂ ಬೆಳಗುವ ಫಾಸ್ಫರ್ ಪುಡಿಯನ್ನು ಅನಿಲಕ್ಕೆ ತೆಳುವಾಗಿ ಬೆರೆಸುತ್ತಾರೆ. ಕಣ ಇಷ್ಟು ಸಣ್ಣದಾದ್ದರಿಂದ ಗಾಳಿಯ ಕಾವು ಬದಲಾದ ಸುಮಾರು 50 ಮೈಕ್ರೋಸೆಕೆಂಡಿನೊಳಗೆ ತಾನೂ ಆ ಕಾವಿಗೆ ಹೊಂದಿಕೊಳ್ಳುತ್ತದೆ. ಕೊಳವೆಯೊಳಗಿನ ಥರ್ಮೋಕಪಲ್‌ಗೆ ಅದೇ ಕೆಲಸಕ್ಕೆ ಹಲವು ಸೆಕೆಂಡುಗಳೇ ಬೇಕು. ಹೆಚ್ಚು ಬಳಕೆಯಲ್ಲಿರುವ ಪುಡಿ ಯುರೋಪಿಯಂ ಬೆರೆಸಿದ ಬೇರಿಯಂ ಮೆಗ್ನೀಷಿಯಂ ಅಲ್ಯುಮಿನೇಟ್. ಸಿಎಫ್‌ಎಲ್ ಬಲ್ಬಿನ ಒಳಲೇಪದಲ್ಲಿ ನೀಲಿ ಬೆಳಕು ಕೊಡುತ್ತಿದ್ದುದು ಇದೇ.

355 ನ್ಯಾನೋಮೀಟರ್‌ನ ನೇರಳಾತೀತ ಲೇಸರನ್ನು ತೆಳು ಹಾಳೆಯಂತೆ ಹರಡಿ ಒಂದು ಮಿಂಚು ಹೊಡೆಸುತ್ತಾರೆ. ಹಾಳೆಗೆ ಸಿಕ್ಕ ಕಣಗಳೆಲ್ಲ ನೀಲಿಯಾಗಿ ಬೆಳಗಿ, ಸುಮಾರು ಒಂದು ಮೈಕ್ರೋಸೆಕೆಂಡಿನಲ್ಲಿ ಮಂಕಾಗುತ್ತವೆ. ಕಾವು ಏರಿದಂತೆ ಆ ಬೆಳಕಿನ ಬಣ್ಣದ ಹರವು ಬದಲಾಗುತ್ತದೆ. ಎರಡು ಕ್ಯಾಮೆರಾಗಳು ಬೇರೆಬೇರೆ ಫಿಲ್ಟರ್‌ಗಳ ಮೂಲಕ ಒಂದೇ ಗಳಿಗೆಯ ಚಿತ್ರ ಹಿಡಿಯುತ್ತವೆ. ಒಂದೇ ಕ್ಯಾಮೆರಾ ಯಾಕೆ ಸಾಲದು? ಒಂದು ಜಾಗ ಹೆಚ್ಚು ಬೆಳಗಿದರೆ ಅಲ್ಲಿ ಪುಡಿ ಹೆಚ್ಚಿತ್ತೋ, ಲೇಸರ್ ಜೋರಿತ್ತೋ, ಕಾವೇ ಬೇರೆಯಿತ್ತೋ ಹೇಳಲಾಗದು. ಎರಡು ಚಿತ್ರಗಳ ಅನುಪಾತ ತೆಗೆದರೆ ಮೊದಲೆರಡು ಕಾರಣಗಳು ಬಹುಮಟ್ಟಿಗೆ ತಾವೇ ಕಳೆದುಹೋಗಿ ಕಾವು ಉಳಿಯುತ್ತದೆ. ಗೊತ್ತಿರುವ ಕಾವಿನಲ್ಲಿ ಮೊದಲೇ ತಾಳೆ ನೋಡಿಟ್ಟ ಪಟ್ಟಿ ಇದಕ್ಕೆ ಬೇಕೇ ಬೇಕು. ಅದೇ ಕಣಗಳನ್ನು ಬೆನ್ನುಬೆನ್ನಿಗೆ ಎರಡು ಸಲ ಸೆರೆಹಿಡಿದು ಎಷ್ಟು ಸರಿದವೆಂದು ನೋಡಿದರೆ ಅನಿಲದ ವೇಗವೂ ಸಿಗುತ್ತದೆ. ಈ ವಿಧಾನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಗುಣ ಇದು.

ಮಿತಿಯೂ ಇದೆ. 600 ಡಿಗ್ರಿ ದಾಟುತ್ತಿದ್ದಂತೆ ಈ ಪುಡಿಯ ಬೆಳಕು ಬಲಗುಂದುತ್ತದೆ. ಅದಕ್ಕೂ ಮೇಲೆ ಡಿಸ್ಪ್ರೋಸಿಯಂ ಬೆರೆಸಿದಂಥ ಬೇರೆ ಫಾಸ್ಫರ್‌ಗಳು ಬೇಕು. ಲೇಸರ್ ಒಳಹೋಗಲು ಶುದ್ಧ ಗಾಜಿನ ಕಿಟಕಿ ಬೇಕು, ಮಸಿ ಇರಬಾರದು. ಹಾಗಾಗಿ ಬಳ್ಳಾರಿ ಬಳಿಯ ಕುಡತಿನಿಯ 1700 ಮೆಗಾವಾಟ್ ಶಾಖೋತ್ಪನ್ನ ಕೇಂದ್ರದ ಕಲ್ಲಿದ್ದಲು ಬಾಯ್ಲರಿಗೋ, ಸ್ಪಾಂಜ್ ಐರನ್ ಕಿಲ್ನಿಗೋ ಇದನ್ನು ನೇರವಾಗಿ ಇಳಿಸಲಾಗದು. ಬರ್ನರಿನ ಸಣ್ಣ ಮಾದರಿ ಮಾಡಿ, ಅದರೊಳಗಿನ ಬಿಸಿ ಗಾಳಿಯ ಸುಳಿಗಳನ್ನು ಹೀಗೆ ಅಳೆದು, ಆ ಅಂಕಿಗಳಿಂದ ಕಂಪ್ಯೂಟರ್ ಲೆಕ್ಕವನ್ನು ತಿದ್ದಿ, ಆಮೇಲೆ ದೊಡ್ಡ ಕುಲುಮೆಗೆ ಹೋಗುವುದು ಸರಿಯಾದ ಕ್ರಮ.