ಟಿವಿಗೂ ಒಂದು ಜಾತಕವಿದೆ

ನಾಗಮಂಗಲ ಕಡೆಯ ಓದುಗರೊಬ್ಬರು ಒಳ್ಳೆಯ ಪ್ರಶ್ನೆ ಕಳಿಸಿದ್ದಾರೆ. ಭರಣಿ ಮಳೆಯ ಸಂಜೆ ಅವರ ಹಿತ್ತಲಾಚೆಯ ತೆಂಗಿನಮರಕ್ಕೆ ಸಿಡಿಲು ಬಡಿದಿದೆ. ಮನೆಗೇನೂ ಆಗಿಲ್ಲ. ಟಿವಿಯ ಕೆಂಪು ದೀಪ ಉರಿಯುತ್ತದೆ, ರಿಮೋಟ್ ಒತ್ತಿದರೆ ಮೆನು ಬರುತ್ತದೆ, ಸೆಟ್‌ಟಾಪ್ ಬಾಕ್ಸಿನ ದೀಪವೂ ಹತ್ತಿದೆ. ಆದರೆ ಪರದೆಯ ಮೇಲೆ ‘ನೋ ಸಿಗ್ನಲ್’ ಬಿಟ್ಟರೆ ಬೇರೇನೂ ಇಲ್ಲ. ಮಗ ತಾರಸಿ ಹತ್ತಿ ಡಿಶ್ ತಿರುಗಿಸಿದ್ದಾನೆ. ಪರಿಚಯದವರೊಬ್ಬರು ಚಿನ್ನದ ಲೇಪದ ಕೇಬಲ್ ತನ್ನಿ ಎಂದಿದ್ದಾರೆ, ಇನ್ನೊಬ್ಬರು ಬೋರ್ಡ್ ಹೋಗಿದೆ ಎಂದಿದ್ದಾರೆ. ಶನಿವಾರ ತಂದ ಟಿವಿ, ಹೀಗಾಗದೆ ಇನ್ನೇನಾಗುತ್ತದೆ ಎಂಬುದು ಮನೆಯ ಹಿರಿಯರ ಮಾತು. ಓದುಗರ ಪ್ರಶ್ನೆ ಮಾತ್ರ ಇವೆಲ್ಲಕ್ಕಿಂತ ಮೇಲು: ‘ಸಿಡಿಲು ಬಡಿದಾಗ ಟಿವಿ ಆಫ್ ಇತ್ತು. ಆಫ್ ಇದ್ದ ಟಿವಿ ಕೆಡುವುದು ಹೇಗೆ?’

ಮೊದಲಿಗೆ, ಡಿಶ್ಶನ್ನು ಅದರ ಪಾಡಿಗೆ ಬಿಡಿ. ‘ನೋ ಸಿಗ್ನಲ್’ ಎಂದು ಹೇಳುತ್ತಿರುವುದು ಯಾರು ಎಂದು ನೋಡಬೇಕು. ಸೆಟ್‌ಟಾಪ್ ಬಾಕ್ಸಿಗೆ ಉಪಗ್ರಹ ಸಿಗದಿದ್ದರೆ ಆ ದೂರನ್ನು ಬಾಕ್ಸೇ ಬರೆಯುತ್ತದೆ. ತನ್ನ ಕಂಪನಿಯ ಗುರುತು, ಒಂದು ಎರರ್ ನಂಬರು, ಕೇಬಲ್ ಪರೀಕ್ಷಿಸಿ ಎಂಬ ಸಲಹೆ ಎಲ್ಲವೂ ಅದರಲ್ಲಿರುತ್ತದೆ. ಜೋರು ಮಳೆಯಲ್ಲಿ ಇದು ಸಾಮಾನ್ಯ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಿಂದ ಬರುವ ಕ್ಷೀಣ ಅಲೆಯನ್ನು ಮಳೆಹನಿಗಳು ಹೀರಿಬಿಡುತ್ತವೆ, ಮಳೆ ನಿಂತರೆ ಸರಿಹೋಗುತ್ತದೆ. ಆ ದೂರು ನಿಮ್ಮ ಕಣ್ಣಿಗೆ ಬಿತ್ತು ಎಂದರೆ ಬಾಕ್ಸಿನಿಂದ ಟಿವಿಗೆ ಬರುವ ದಾರಿ ನೆಟ್ಟಗಿದೆ ಎಂದೇ ಅರ್ಥ. ಖಾಲಿ ಪರದೆಯಲ್ಲಿ ಬರೀ ‘ನೋ ಸಿಗ್ನಲ್’ ತೇಲುತ್ತಿದ್ದರೆ ಅದು ಟಿವಿಯ ಮಾತು. ಆಗ ತೊಂದರೆ ಇರುವುದು ತಾರಸಿಯಲ್ಲಲ್ಲ, ಬಾಕ್ಸಿಗೂ ಟಿವಿಗೂ ನಡುವಿನ ಒಂದೂವರೆ ಮೀಟರ್ ಕೇಬಲ್ಲಿನಲ್ಲಿ, ಇಲ್ಲವೇ ಅದರ ಎರಡು ತುದಿಗಳಲ್ಲಿ. ಪಾಂಡವಪುರ, ಕೆ.ಆರ್. ಪೇಟೆಯ ಹಳ್ಳಿಗಳಲ್ಲಿ ಸರಿಯಾಗಿ ಕೂತಿದ್ದ ಡಿಶ್ಶನ್ನು ಇದು ತಿಳಿಯದೆ ಅಲ್ಲಾಡಿಸಿ, ಒಂದು ತೊಂದರೆಯನ್ನು ಎರಡು ಮಾಡಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ.

ಆ ಕೇಬಲ್ಲಿನ ಹೆಸರು ಎಚ್‌ಡಿಎಂಐ. ಏಳು ಕಂಪನಿಗಳು ಸೇರಿ 2002ರ ಡಿಸೆಂಬರಿನಲ್ಲಿ ಇದರ ಮೊದಲ ನಿಯಮಾವಳಿ ಹೊರತಂದವು. ಒಟ್ಟು 19 ಪಿನ್ನು. ಮೊದಲ 12 ಚಿತ್ರ ಮತ್ತು ಧ್ವನಿಗೆ. ನನಗೆ ಅಚ್ಚುಮೆಚ್ಚಿನವು ಉಳಿದ ಏಳು. ಏಕೆಂದರೆ ಬಾಕ್ಸಿನಿಂದ ಚಿತ್ರ ಹೊರಡುವ ಮೊದಲು ಇವುಗಳಲ್ಲಿ ಒಂದು ಮಾತುಕತೆ ನಡೆಯುತ್ತದೆ.

ಬಾಕ್ಸು 18ನೇ ಪಿನ್ನಿನಲ್ಲಿ 5 ವೋಲ್ಟ್ ಕಳಿಸುತ್ತದೆ. ಟಿವಿ ಅದನ್ನೇ ಒಂದು ರೆಸಿಸ್ಟರ್ ದಾಟಿಸಿ 19ನೇ ಪಿನ್ನಿನಲ್ಲಿ ಹಿಂದಿರುಗಿಸುವುದು ಸಾಮಾನ್ಯ ಕ್ರಮ. ಕೊಟ್ಟದ್ದು ವಾಪಸು ಬಂತು, ಅಂದರೆ ಆ ತುದಿಯಲ್ಲಿ ಯಾರೋ ಇದ್ದಾರೆ ಎಂದು ಬಾಕ್ಸಿಗೆ ಗೊತ್ತಾಗುತ್ತದೆ. ಆಮೇಲೆ ಅದು 15 ಮತ್ತು 16ನೇ ಪಿನ್ನುಗಳ ಮೂಲಕ ಟಿವಿಯ ಜಾತಕ ಕೇಳುತ್ತದೆ.

ಜಾತಕ ಎಂದದ್ದು ಸುಮ್ಮನೆ ಅಲ್ಲ. ಟಿವಿಯೊಳಗಿನ ಪುಟ್ಟ ನೆನಪಿನಲ್ಲಿ 128 ಬೈಟುಗಳ ಒಂದು ಬರಹವಿರುತ್ತದೆ. ಅದರ ಹೆಸರು ಇಡಿಐಡಿ. ತಯಾರಕರ ಹೆಸರಿನ ಮೂರು ಅಕ್ಷರ, ಪರದೆಯ ಉದ್ದಗಲ ಸೆಂಟಿಮೀಟರ್ ಲೆಕ್ಕದಲ್ಲಿ, ಯಾವ ಯಾವ ಅಳತೆಯ ಚಿತ್ರ ತೋರಿಸಬಲ್ಲೆ ಎಂಬ ಪಟ್ಟಿ, ಇಷ್ಟೂ ಅದರಲ್ಲಿ ಇವೆ. ಹುಟ್ಟಿದ ಕಾಲಕ್ಕೂ ಎರಡು ಬೈಟು ಮೀಸಲು: ಒಂದು ವರ್ಷದ ಎಷ್ಟನೇ ವಾರ ಎನ್ನುವುದಕ್ಕೆ, ಇನ್ನೊಂದು 1990ರಿಂದ ಎಷ್ಟನೇ ವರ್ಷ ಎನ್ನುವುದಕ್ಕೆ. 2019ರ ಟಿವಿಯಲ್ಲಿ ಆ ಜಾಗದಲ್ಲಿ 29 ಎಂದಿರುತ್ತದೆ. ಸೋಮವಾರವೋ ಶನಿವಾರವೋ ಎಂದು ಬರೆಯಲು ಜಾಗವೇ ಇಲ್ಲ. ಮಾಡಿದವರಿಗೂ ಬೇಕಿರಲಿಲ್ಲ, ಬಾಕ್ಸಿಗೂ ಬೇಕಿಲ್ಲ. ಮನೆಯ ಹಿರಿಯರಿಗೆ ಇದನ್ನು ದಯವಿಟ್ಟು ಓದಿ ಹೇಳಿ.

ಕೊನೆಯ ಬೈಟು ಅದ್ಭುತ. ಅದರಲ್ಲಿ ಹೊಸ ಮಾಹಿತಿ ಏನೂ ಇಲ್ಲ, ಒಂದು ಲೆಕ್ಕ ಮಾತ್ರ ಇದೆ. 128 ಅಂಕಿಗಳನ್ನೂ ಕೂಡಿ 256ರಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು. ಒಂದೇ ಒಂದು ಬಿಟ್ ಅದಲುಬದಲಾದರೂ ಲೆಕ್ಕ ತಪ್ಪುತ್ತದೆ. ತಪ್ಪಿದ ಜಾತಕವನ್ನು ಬಾಕ್ಸು ನಂಬುವುದಿಲ್ಲ: ಕೆಲವು ಬಾಕ್ಸುಗಳು ಅತಿ ಸಣ್ಣ ಅಳತೆಯ ಚಿತ್ರ ಕಳಿಸುತ್ತವೆ, ಕೆಲವು ಏನನ್ನೂ ಕಳಿಸುವುದಿಲ್ಲ. ಪರದೆ ಚೆನ್ನಾಗಿದೆ, ದೀಪ ಚೆನ್ನಾಗಿದೆ, ಸ್ಪೀಕರು ಚೆನ್ನಾಗಿದೆ, ಕೂಡುವ ಲೆಕ್ಕವೊಂದು ತಪ್ಪಿದ್ದಕ್ಕೆ ಮನೆ ಕತ್ತಲು! ಇನ್ನೂ ಒಂದು ಸೊಗಸಿದೆ. ಟಿವಿ ಆಫ್ ಇದ್ದಾಗಲೂ ಬಾಕ್ಸು ತಾನೇ ಕಳಿಸಿದ 5 ವೋಲ್ಟಿನಿಂದ ಆ ನೆನಪನ್ನು ಎಬ್ಬಿಸಿ ಜಾತಕ ಓದಿಕೊಳ್ಳಬಹುದು. ಕೇಬಲ್ ಕಿತ್ತು ಹಾಕಿದರೆ ಎಷ್ಟೋ ಸಲ ಟಿವಿ ಸರಿಹೋಗುವುದೂ ಇದರಿಂದಲೇ: 19ನೇ ಪಿನ್ನಿನ ವೋಲ್ಟ್ ಹೋಗಿ ಮತ್ತೆ ಬಂದಾಗ, ಹೊಸಬರು ಬಂದರೆಂದು ಬಾಕ್ಸು ಮೊದಲಿನಿಂದ ಮಾತು ಶುರುಮಾಡುತ್ತದೆ.

ಚಿತ್ರ ಹೊರಡುವ ಬಗೆಯೂ ನಾವು ಅಂದುಕೊಂಡಂತಿಲ್ಲ. ಬಾಕ್ಸು ಕರೆಂಟು ತಳ್ಳುತ್ತದೆ, ಟಿವಿ ಪಡೆಯುತ್ತದೆ ಎಂದು ನಾವು ತಿಳಿದಿದ್ದೇವೆ. ನಿಜದಲ್ಲಿ ಚಿತ್ರದ ತಂತಿಗಳಿಗೆ 3.3 ವೋಲ್ಟ್ ಕೊಡುವುದು ಟಿವಿ. ಬಾಕ್ಸು ಮಾಡುವುದು ಸುಮಾರು 10 ಮಿಲಿಆಂಪಿಯರನ್ನು ಒಮ್ಮೆ ಈ ತಂತಿಯಿಂದ, ಒಮ್ಮೆ ಅದರ ಜೋಡಿಯಿಂದ ಎಳೆದುಕೊಳ್ಳುವುದಷ್ಟೆ. ಆ ಎಳೆತವೇ ಚಿತ್ರ. ಸೆಕೆಂಡಿಗೆ 60 ಪೂರ್ಣ ಎಚ್‌ಡಿ ಚಿತ್ರ ಬೇಕಾದರೆ ಒಂದೊಂದು ಜೋಡಿಯಲ್ಲೂ ಸೆಕೆಂಡಿಗೆ 148.5 ಕೋಟಿ ಬಿಟ್ ಹೀಗೆ ಹರಿಯುತ್ತದೆ. ಇಷ್ಟು ವೇಗಕ್ಕೆ ಒಗ್ಗಬೇಕಾದರೆ ಆ ತುದಿಯ ಟ್ರಾನ್ಸಿಸ್ಟರುಗಳು ಬಹಳ ಸಣ್ಣವಿರಬೇಕು, ಸಣ್ಣವು ಬಹಳ ನಾಜೂಕು. ನಮ್ಮ ಓದುಗರ ಪ್ರಶ್ನೆಗೆ ಉತ್ತರ ಇಲ್ಲಿದೆ.

ಸಿಡಿಲಿನ ಒಂದು ಹೊಡೆತದಲ್ಲಿ ಸಾಮಾನ್ಯವಾಗಿ 30 ಸಾವಿರ ಆಂಪಿಯರ್‌ನಷ್ಟು ಕರೆಂಟು, ಸೆಕೆಂಡಿನ ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಏರುತ್ತದೆ. ಮರಕ್ಕೆ ಬಡಿದರೂ ಸುತ್ತಲಿನ ಉದ್ದದ ತಂತಿಗಳಲ್ಲೆಲ್ಲ ಸಾವಿರಾರು ವೋಲ್ಟ್ ಹುಟ್ಟುತ್ತದೆ. ನಿಮ್ಮ ಮನೆಯಲ್ಲಿ ಅಂಥ ತಂತಿ ಎರಡು. ಒಂದು ಕಂಬದಿಂದ ಬಂದ ಕರೆಂಟಿನದು, ಇನ್ನೊಂದು ತಾರಸಿಯಿಂದ ಇಳಿದ ಡಿಶ್ ಕೇಬಲ್. ಬಾಕ್ಸಿನ ಅಡಾಪ್ಟರಿಗೆ ಎರಡೇ ಪಿನ್ನು, ಅರ್ಥಿಂಗ್ ಇಲ್ಲ. ಹಾಗಾಗಿ ಡಿಶ್ ಕೇಬಲ್ಲಿನಿಂದ ಬಂದದ್ದು ಮನೆಯ ವೈರಿಂಗ್ ಸೇರಲು ಹಿಡಿಯುವ ಸಲೀಸು ದಾರಿಯೊಂದು ಬಾಕ್ಸು, ಎಚ್‌ಡಿಎಂಐ, ಟಿವಿ ಮೂಲಕ ಹೋಗುತ್ತದೆ. 3.3 ವೋಲ್ಟಿಗೆಂದು ಮಾಡಿದ ಬಾಗಿಲಲ್ಲಿ ಸಾವಿರಾರು ವೋಲ್ಟ್ ನುಗ್ಗುತ್ತದೆ.

ಆಫ್ ಮಾಡಿದ್ದರೆ ಸಾಕು ಎಂಬ ನಂಬಿಕೆಯ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ರಿಮೋಟಿನಲ್ಲಿ ಆಫ್ ಮಾಡುವುದು ಆಫೇ ಅಲ್ಲ. ಗೋಡೆಯ ಸ್ವಿಚ್ಚು ಕಡಿಯುವುದು ಒಂದು ತಂತಿಯನ್ನು ಮಾತ್ರ; ನ್ಯೂಟ್ರಲ್ ಹಾಗೇ ಅಂಟಿಕೊಂಡಿರುತ್ತದೆ. ಸ್ವಿಚ್ಚಿನೊಳಗಿನ ಒಂದು ಮಿಲಿಮೀಟರ್ ಗಾಳಿ ತಡೆಯುವುದು ಸುಮಾರು 3,000 ವೋಲ್ಟ್. ಸಿಡಿಲು ಕಿಲೋಮೀಟರುಗಟ್ಟಲೆ ಗಾಳಿ ಸೀಳಿ ಬಂದಿರುತ್ತದೆ. ಡಿಶ್ ಕೇಬಲ್ಲಿಗಂತೂ ಸ್ವಿಚ್ಚೇ ಇಲ್ಲ. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ, ಪಾಂಡವರು ತಂಗಿದ್ದರೆಂಬ ಕಥೆಯಿರುವ ಕುಂತಿಬೆಟ್ಟದ ಸೀಮೆಯಲ್ಲಿ ಅದು ಸಹಜವೂ ಹೌದು. ಮಕ್ಕಳ ಭಯ ಕಳೆಯಲು ಹೇಳಿಕೊಳ್ಳಿ. ಸರ್ಕೀಟನ್ನು ಕಾಯುವ ಶಕ್ತಿ ಆ ಹೆಸರುಗಳಿಗಿಲ್ಲ. ಮೋಡ ಕಟ್ಟುತ್ತಿದ್ದಂತೆ ಟಿವಿ, ಬಾಕ್ಸು ಎರಡರ ಪ್ಲಗ್ಗು ಕೀಳಿ, ಡಿಶ್ ಕೇಬಲ್ಲಿನ ತಿರುಪು ಬಿಚ್ಚಿ ದೂರ ಇಡಿ. ಗುಡುಗು ಕಿವಿಗೆ ಬಿದ್ದ ಮೇಲೆ ಯಾವ ವೈರನ್ನೂ ಮುಟ್ಟಬೇಡಿ. ಆಗ ಟಿವಿ ಹೋದರೆ ಹೋಗಲಿ. ಮುನ್ಸೂಚನೆಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಇದೆ, ಪುಣೆಯ ಹವಾಮಾನ ವಿಜ್ಞಾನಿಗಳ ‘ದಾಮಿನಿ’ ಇದೆ.

ಇನ್ನು ರಿಪೇರಿ. ಶ್ರೀರಂಗಪಟ್ಟಣದ ಪೇಟೆಯಲ್ಲಿ ಟಿವಿ ರಿಪೇರಿಯವರೊಬ್ಬರು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಚಿತ್ರದ ಎಂಟು ತಂತಿಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗುತ್ತಾರೆ. ಎಂಟೂ ಒಂದೇ ಸಮ ತೋರಿಸಬೇಕು. ಒಂದು ಸೊನ್ನೆ ತೋರಿಸಿದರೆ ಕಳ್ಳ ಸಿಕ್ಕ. ಹಾಗೆ ಸೊನ್ನೆ ತೋರಿಸಿದ್ದು ಕೆಲವೊಮ್ಮೆ ಕಾವಲಿಗೆ ಹಾಕಿದ ಎರಡು ಮೂರು ಮಿಲಿಮೀಟರಿನ ಬಿಡಿಭಾಗ ಮಾತ್ರ ಆಗಿರುತ್ತದೆ. ತಾನು ಸತ್ತು ಚಿಪ್ಪನ್ನು ಉಳಿಸಿರುತ್ತದೆ. ಅದನ್ನು ಬದಲಿಸಿದರೆ ಚಿತ್ರ ಬರುತ್ತದೆ. ಹಳೆಯ ಟಿವಿಗಳಲ್ಲಿ ಜಾತಕ ಎಂಟು ಕಾಲಿನ ಬೇರೆ ಚಿಪ್ಪಿನಲ್ಲಿರುತ್ತದೆ, ಅದನ್ನು ಮತ್ತೆ ಬರೆಯಬಹುದು. ಹೊಸ ಟಿವಿಗಳಲ್ಲಿ ಪೆನ್‌ಡ್ರೈವಿನಿಂದ ಸಾಫ್ಟ್‌ವೇರ್ ತುಂಬುತ್ತಾರೆ. ಮುಖ್ಯ ಚಿಪ್ಪಿನ ಒಳಗೇ ಸುಟ್ಟಿದ್ದರೆ ಮಾತ್ರ ಬೋರ್ಡ್ ಬದಲಿಸಬೇಕು. ಹಾಗಾಗಿ ಯಾವ ಪೋರ್ಟು, ಯಾವ ಪಿನ್ನು ಎಂದು ಕೇಳದೆ ಬೋರ್ಡಿಗೆ ದುಡ್ಡು ಕೊಡಬೇಡಿ.

ಅಂಗಡಿಗೆ ಹೋಗುವ ಮೊದಲು ನೀವೇ ನೋಡಬಹುದಾದದ್ದಿದೆ. ಎರಡರ ಪ್ಲಗ್ಗನ್ನೂ ಕಿತ್ತು ಕೆಲವು ನಿಮಿಷ ಬಿಡಿ. ಕೇಬಲ್ಲನ್ನು ಟಿವಿಯ ಇನ್ನೊಂದು ಪೋರ್ಟಿಗೆ ಹಾಕಿ, ಮೊದಲು ಟಿವಿ ಆನ್ ಮಾಡಿ, ಸೋರ್ಸ್ ಗುಂಡಿಯಿಂದ ಆ ಪೋರ್ಟನ್ನೇ ಆರಿಸಿ, ಆಮೇಲೆ ಬಾಕ್ಸು. ಕರೆಂಟು ಹರಿಯುತ್ತಿರುವಾಗ ಕೇಬಲ್ ಚುಚ್ಚಬೇಡಿ. ಅರ್ಥಿಂಗ್ ಇಲ್ಲದ ಅಡಾಪ್ಟರಿನಿಂದ ಬಾಕ್ಸಿನ ಲೋಹದ ಭಾಗಕ್ಕೆ ಸಣ್ಣ ಸೋರಿಕೆ ಇರುತ್ತದೆ. ಮೀಟರ್ ಇಟ್ಟರೆ 100 ವೋಲ್ಟಿನ ಆಸುಪಾಸು ತೋರಿಸುವುದುಂಟು, ಬೆರಳಿಗೆ ಜುಮ್ ಅನ್ನುವುದು ಅದೇ. ನಮ್ಮನ್ನು ಅದು ಏನೂ ಮಾಡದು, ಪೋರ್ಟನ್ನು ಸುಡಬಲ್ಲದು.

ಚಿನ್ನದ ಲೇಪದ ಕೇಬಲ್ಲಿಗೆ ಖರ್ಚು ಮಾಡಬೇಡಿ. ಬಿಟ್‌ಗಳು ಸರಿಯಾಗಿ ತಲುಪಿದರೆ ಅಗ್ಗದ ಕೇಬಲ್ಲಿನ ಚಿತ್ರವೂ ದುಬಾರಿಯದರ ಚಿತ್ರವೂ ಒಂದೇ. ಕೇಬಲ್ ಸೋಲುವಾಗ ಬಣ್ಣ ಮಂಕಾಗುವುದಿಲ್ಲ. ಬಿಳಿ ಚುಕ್ಕೆಗಳು ಮಿನುಗಿ ಚಿತ್ರವೇ ಹೋಗುತ್ತದೆ.

ನಾಗಮಂಗಲದ ಓದುಗರಿಗೆ ಒಂದು ಮಾತು. ಕೆಟ್ಟಿರುವುದು ಟಿವಿಯೇ ಎಂದು ಈಗಲೇ ತೀರ್ಮಾನಿಸಬೇಡಿ. ಆ ಹೊಡೆತ ಟಿವಿಗೆ ಬರುವ ಮೊದಲು ಬಾಕ್ಸನ್ನು ದಾಟಿರಬಹುದು. ಬಾಕ್ಸನ್ನು ಪಕ್ಕದ ಮನೆಯ ಟಿವಿಗೂ, ಅವರ ಬಾಕ್ಸನ್ನು ನಿಮ್ಮ ಟಿವಿಗೂ ಹಾಕಿ ನೋಡಿ; ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಟಿವಿಯ ಎಚ್‌ಡಿಎಂಐ ಪೋರ್ಟುಗಳೆಲ್ಲ ಹೋಗಿದ್ದರೂ ಹಳದಿ, ಕೆಂಪು, ಬಿಳಿಯ ಹಳೆಯ ಎವಿ ವೈರು ನಡೆಯಬಹುದು. ಅದರ ಹಳದಿ ತಂತಿಯಲ್ಲಿ ಜಾತಕ ಕೇಳುವ ಕಟ್ಟಳೆಯೇ ಇಲ್ಲ. ಒಂದು ವೋಲ್ಟಿನ ಅಲೆ ನೇರ ಬಂದು ಚಿತ್ರವಾಗುತ್ತದೆ. ಅಂಚು ಸ್ವಲ್ಪ ಮಸುಕಾಗಿರುತ್ತದೆ, ಆದರೆ ಚಂದನದ ವಾರ್ತೆ ನೋಡಲು ಧಾರಾಳವಾಗಿ ಸಾಕು.