ಬಿರುಕು ಬಿಟ್ಟ ಅಲ್ಯುಮಿನಿಯಂ ಸೈಕಲ್ಲು

ಕಲಾವಿಭಾಗದಲ್ಲಿ ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಲೋಹಗಳ ಗೊಡವೆ ಏಕೆಂದು ಗೆಳೆಯರು ಕೇಳಬಹುದು. ಮುಂಡಗೋಡದ ಸುತ್ತಣ ಹಳ್ಳಿಗಳಿಂದ ಸೈಕಲ್ಲು ತುಳಿದು ಬರುವವರಿಗೆ ಈ ಗೊಡವೆ ತಪ್ಪಿದ್ದಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ರಾಜ್ಯ ಸರಕಾರವು ೨೦೦೬-೦೭ರಲ್ಲಿ ಆರಂಭಿಸಿತು. ನಮ್ಮಲ್ಲಿ ಅನೇಕರು ಹೈಸ್ಕೂಲು ಮುಗಿಸಿದ್ದು ಆ ಸೈಕಲ್ಲುಗಳ ಮೇಲೆಯೇ. ಅವು ಉಕ್ಕಿನವು. ಈಚೆಗೆ ದಪ್ಪ ಟೈರಿನ, ಗೇರುಳ್ಳ ಮೌಂಟನ್ ಬೈಕುಗಳು ಎರಡನೆಯ ಕೈಯಲ್ಲಿ ನಮ್ಮ ಊರುಗಳಿಗೂ ಬರುತ್ತಿವೆ. ಅವುಗಳಲ್ಲಿ ಹಲವುಗಳ ಚೌಕಟ್ಟು ಅಲ್ಯುಮಿನಿಯಂನದು. ನಮ್ಮ ಕಡೆಯ ಹಿರಿಯರು 'ಜರ್ಮನ್' ಪಾತ್ರೆ ಎನ್ನುತ್ತಾರಲ್ಲ, ಆ ಲೋಹದ ಬಳಗಕ್ಕೇ ಸೇರಿದ್ದು.

ನನ್ನ ತಮ್ಮನು ತುಳಿಯುತ್ತಿದ್ದ ಅಂಥದೊಂದು ಸೈಕಲ್ಲಿನಲ್ಲಿ, ಹ್ಯಾಂಡಲಿನ ಬುಡದ ಕೊಳವೆಗೆ ಕೆಳಗಿನ ಓರೆ ಕೊಳವೆ ಬಂದು ಕೂಡುವ ಕಡೆ, ಕೂದಲೆಳೆಯಂಥ ಗೆರೆ ಕಂಡಿತು. ಒಬ್ಬರು ಬಣ್ಣ ಒಡೆದಿದೆ ಎಂದರು. ಇನ್ನೊಬ್ಬರು ಬೆಸುಗೆ ಹಾಕಿಸಿದರೆ ಸರಿಹೋಗುತ್ತದೆ ಎಂದರು. ಮತ್ತೊಬ್ಬರು ಗುಜರಿಗೆ ಹಾಕು ಎಂದರು. ಮೂರರಲ್ಲಿ ಯಾವುದು ಸರಿ ಎಂದು ವಿಚಾರಿಸುತ್ತ ಹೋಗಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪ್ರಶ್ನೆ, ಒಡೆದದ್ದು ಬಣ್ಣವೋ ಲೋಹವೋ ಎಂಬುದು. ಇದಕ್ಕೆ ಹಳೆಯ ಕಾಲದ ರೈಲ್ವೆ ಕಾರ್ಖಾನೆಗಳಲ್ಲಿ ರೂಢಿಯಲ್ಲಿದ್ದ ಒಂದು ಉಪಾಯವಿದೆ. ಗೆರೆಯಿರುವ ಜಾಗವನ್ನು ಸೋಪಿನಿಂದ ತೊಳೆದು, ಬಣ್ಣವನ್ನು ಮೆಲ್ಲಗೆ ಉಜ್ಜಿ ತೆಗೆಯಬೇಕು. ಅಲ್ಲಿ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಬಟ್ಟೆಯಿಂದ ಪೂರ್ತಿಯಾಗಿ ಒರಸಿ, ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ತೆಳ್ಳಗೆ ಬಳಿದು ಒಣಗಿಸಬೇಕು. ಲೋಹದಲ್ಲಿ ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೆಲ್ಲನೆ ಹೊರಬಂದು ಬಿಳಿಯ ಪುಡಿಯ ಮೇಲೆ ಒದ್ದೆಯ ಗೆರೆಯನ್ನು ಬರೆಯುತ್ತದೆ. ಈ ಕೆಲಸವನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು. ನಮ್ಮ ಸೈಕಲ್ಲಿನಲ್ಲಿ ಗೆರೆ ಮೂಡಿತು. ಕಣ್ಣಿಗೆ ಕಂಡದ್ದಕ್ಕಿಂತ ಉದ್ದವಾಗಿಯೇ ಮೂಡಿತು.

ಅಪಘಾತವಾಗದೆ, ಮಿತಿಮೀರಿದ ಭಾರ ಹೇರದೆ ಲೋಹ ಏಕೆ ಸೀಳುತ್ತದೆ? ಒಂದೇ ಏಟಿಗೆ ಮುರಿಯದ ವಸ್ತುವು ಸಣ್ಣ ಏಟುಗಳನ್ನು ಲಕ್ಷಗಟ್ಟಲೆ ಸಲ ತಿಂದರೆ ಮುರಿಯಬಹುದು. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಆಗಸ್ಟ್ ವೋಲರ್ ಎಂಬ ಇಂಜಿನಿಯರು ರೈಲುಗಾಡಿಯ ಅಚ್ಚುಗಳ ಮೇಲೆ ಇದನ್ನು ಪರೀಕ್ಷಿಸಿ ತೋರಿಸಿದನು. ಉಕ್ಕಿಗೆ ಒಂದು ಮಿತಿಯುಂಟು. ಅದರೊಳಗಿನ ಒತ್ತಡವನ್ನು ಅದು ಎಷ್ಟು ಸಲವಾದರೂ ತಾಳಿಕೊಳ್ಳುತ್ತದೆ. ಅಲ್ಯುಮಿನಿಯಂಗೆ ಅಂಥ ಸ್ಪಷ್ಟವಾದ ಮಿತಿಯಿಲ್ಲ; ಸಣ್ಣ ಏಟೂ ಅದರ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಈ ಸೈಕಲ್ಲುಗಳ ಕೊಳವೆಗಳು ದಪ್ಪವಾಗಿರುವುದು ಅಂದಕ್ಕಲ್ಲ. ಪ್ರತಿ ಏಟಿನ ಒತ್ತಡವನ್ನು ಕಡಿಮೆ ಮಾಡುವುದಕ್ಕೆ. ೧೯೫೪ರ ಜನವರಿ ೧೦ರಂದು ಮತ್ತು ಏಪ್ರಿಲ್ ೮ರಂದು ಕಾಮೆಟ್ ಎಂಬ ಹೊಸ ಜೆಟ್ ವಿಮಾನಗಳೆರಡು ಆಕಾಶದಲ್ಲೇ ಒಡೆದು ೫೬ ಜನರು ಸತ್ತರು. ಅವುಗಳ ಅಲ್ಯುಮಿನಿಯಂ ಮೈಯಲ್ಲಿ ಕಿಂಡಿಗಳ ಮೂಲೆಗಳಿಂದ ದಣಿವಿನ ಬಿರುಕು ಹಬ್ಬಿತ್ತೆಂದು ತನಿಖೆಯಲ್ಲಿ ತಿಳಿಯಿತು. ನೆಲದ ಮೇಲೆ ಹೋಗುವ ಸೈಕಲ್ಲಿಗೂ ಇದೇ ನಿಯಮ.

ಇನ್ನು ಬೆಸುಗೆಯ ಮಾತು. ನಮ್ಮ ಹಳೆಯ ಉಕ್ಕಿನ ಸೈಕಲ್ಲು ಮುರಿದರೆ ಊರಿನಲ್ಲೇ ಹಿತ್ತಾಳೆ ಕರಗಿಸಿ ಕೂಡಿಸುತ್ತಾರೆ. ಉಕ್ಕು ಕಾದಾಗ ಕೆಂಪಾಗಿ, 'ಇಷ್ಟು ಸಾಕು' ಎಂದು ಕೆಲಸಗಾರನಿಗೆ ಬಣ್ಣದಲ್ಲೇ ಹೇಳುತ್ತದೆ. ಅಲ್ಯುಮಿನಿಯಂ ಹಾಗೆ ಹೇಳುವುದಿಲ್ಲ. ಸುಮಾರು ೬೬೦ ಡಿಗ್ರಿ ಸೆಲ್ಸಿಯಸ್ಸಿಗೆ ಅದು ಕೆಂಪಾಗದೆಯೇ ಥಟ್ಟನೆ ಕರಗಿ ಕುಸಿಯುತ್ತದೆ. ಅದರ ಮೈಮೇಲೆ ಸದಾ ಇರುವ ಆಕ್ಸೈಡಿನ ತೆಳುಪೊರೆಯಾದರೋ ೨೦೦೦ ಡಿಗ್ರಿ ದಾಟಿದರೂ ಕರಗದು. ಪೊರೆ ಒಡೆಯದೆ ಒಳಗಿನ ಲೋಹ ಕೂಡಿಕೊಳ್ಳದು. ಆದ್ದರಿಂದ ಇದಕ್ಕೆ ಆರ್ಗಾನ್ ಅನಿಲದ ರಕ್ಷಣೆಯೂ, ಟಿಗ್ ಎಂಬ ಬೆಸುಗೆಯಂತ್ರವೂ, ಪಳಗಿದ ಕೈಯೂ ಬೇಕು.

ಇಷ್ಟೆಲ್ಲ ಇದ್ದರೂ ನಿಜವಾದ ತೊಡಕು ಉಳಿಯುತ್ತದೆ. ಶುದ್ಧ ಅಲ್ಯುಮಿನಿಯಂ ಮೆತ್ತಗಿನದು. ೧೯೦೬ರ ಸುಮಾರಿಗೆ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬವನು, ಕಾಯಿಸಿ ನೀರಿಗೆ ಅದ್ದಿದ ಅಲ್ಯುಮಿನಿಯಂ ಮಿಶ್ರಲೋಹವು ಸುಮ್ಮನೆ ಇಟ್ಟಲ್ಲೇ ಕೆಲವು ದಿನಗಳಲ್ಲಿ ಗಟ್ಟಿಯಾಗುವುದನ್ನು ಕಂಡುಹಿಡಿದನು. ಸೈಕಲ್ಲುಗಳಿಗೆ ಹೆಚ್ಚಾಗಿ ಬಳಸುವ ೬೦೬೧ ಎಂಬ ಮಿಶ್ರಲೋಹಕ್ಕೂ ಬಲ ಬರುವುದು ಇಂಥ ಸಂಸ್ಕಾರದಿಂದಲೇ. ಚೌಕಟ್ಟನ್ನು ಪೂರ್ತಿ ಬೆಸೆದ ಮೇಲೆ ಸುಮಾರು ೫೩೦ ಡಿಗ್ರಿಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ೧೭೦ ಡಿಗ್ರಿಯ ಆಸುಪಾಸಿನಲ್ಲಿ ಹಲವು ಗಂಟೆ ಇಡುತ್ತಾರೆ. ಹಾಗೆ ಮಾಡಿದ ಲೋಹವು ಸುಮಾರು ೨೭೫ ಮೆಗಾಪ್ಯಾಸ್ಕಲ್ ಒತ್ತಡದವರೆಗೆ ಬಾಗದೆ ನಿಲ್ಲುತ್ತದೆ. ಪೂರ್ತಿ ಮೆತ್ತಗಾದದ್ದು ೫೫ಕ್ಕೇ ಸೋಲುತ್ತದೆ. ನಾವು ಆಮೇಲೆ ಬೆಸುಗೆ ಹಾಕಿಸಿದರೆ ಆ ಕಾವು ಅಕ್ಕಪಕ್ಕದ ಲೋಹದ ಸಂಸ್ಕಾರವನ್ನು ಅಳಿಸಿಬಿಡುತ್ತದೆ. ಗೆರೆ ಮಾಯವಾಗುತ್ತದೆ, ಬಲ ಮಾತ್ರ ಮರಳುವುದಿಲ್ಲ. ಕೆಲವು ದಿನಗಳಲ್ಲಿ ಬೆಸುಗೆಯ ಅಂಚಿಗೇ ಹೊಸ ಬಿರುಕು ಏಳಬಹುದು. ಮರಳಿ ಬಲ ಕೊಡಬೇಕಾದರೆ ಇಡೀ ಚೌಕಟ್ಟನ್ನು ಕುಲುಮೆಯಲ್ಲಿಟ್ಟು, ಸೊಟ್ಟಗಾದದ್ದನ್ನು ನೆಟ್ಟಗೆ ಮಾಡಬೇಕು. ಅದಕ್ಕೆ ತಗಲುವ ಖರ್ಚಿನಲ್ಲಿ ಬೇರೆ ಚೌಕಟ್ಟೇ ಬಂದೀತು.

ಹಾಗಾದರೆ ರಿಪೇರಿಯೇ ಇಲ್ಲವೆ? ಇದೆ, ಅದು ಬಿರುಕು ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಹಿಂದಿನ ಗೇರು ತೂಗುವ ಕೊಂಡಿಯನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಅದು ಮುರಿದು ಚೌಕಟ್ಟನ್ನು ಉಳಿಸುತ್ತದೆ. ಅದನ್ನು ಬದಲಾಯಿಸಿದರೆ ಸಾಕು. ನೀರಿನ ಬಾಟಲಿಯ ತಿರುಪಿನ ನಟ್ಟು ಸಡಿಲವಾದರೆ ಹೊಸದನ್ನು ಕೂಡಿಸಬಹುದು. ಹಿಂದಿನ ತೆಳು ಕೊಳವೆಗಳ ಬಿರುಕನ್ನು ಬಲ್ಲವರು ಬೆಸೆದುಕೊಡುವುದುಂಟು. ಅಂಥದನ್ನು ಸಮನೆಲದಲ್ಲಿ, ಆಗಾಗ ಪರೀಕ್ಷಿಸುತ್ತ ತುಳಿಯಬೇಕು. ಹ್ಯಾಂಡಲಿನ ಬುಡದ ಕೊಳವೆಗೂ ಮುಂಚಕ್ರವನ್ನು ಹಿಡಿಯುವ ಕವಲಿಗೂ ಈ ರಿಯಾಯಿತಿ ಸಲ್ಲದು. ಹಿಂದಿನ ಭಾಗ ಒಡೆದರೆ ಸೈಕಲ್ಲು ಅಲುಗಾಡಿ ಎಚ್ಚರ ಕೊಡಬಹುದು. ಮುಂದಿನದು ಒಡೆದರೆ ಸವಾರ ಮುಖವಡಿಯಾಗಿ ಬೀಳುತ್ತಾನೆ.

ಬೆಸುಗೆಯ ಕೆಲಸದವರೊಬ್ಬರು ನಮಗೆ ಹೇಳಿದ ಮಾತು ಇಲ್ಲಿ ನೆನೆಯತಕ್ಕದ್ದು: "ಹಾಕಿಕೊಡಬಹುದು ತಮ್ಮಾ, ಗೆರೆ ಕಾಣದ ಹಾಗೆ ಮಾಡಬಹುದು. ಆದರೆ ಅದರ ಮೇಲೆ ಕೂರುವವನು ನಿನ್ನ ತಮ್ಮನಲ್ಲವೆ?" ಸಿಗಬಹುದಾಗಿದ್ದ ಕೂಲಿಯನ್ನು ಅವರು ಬಿಟ್ಟುಕೊಟ್ಟರು. ನಾವು ಚಕ್ರ, ಬ್ರೇಕು, ಗೇರುಗಳನ್ನು ಬಿಚ್ಚಿ ಹಳೆಯದೊಂದು ಉಕ್ಕಿನ ಚೌಕಟ್ಟಿಗೆ ಹೊಂದಿಸಿದೆವು. ಸೈಕಲ್ಲು ತೂಕವಾಯಿತು; ಏರಿನಲ್ಲಿ ತಮ್ಮ ಗೊಣಗುತ್ತಾನೆ. ಅವ್ವ ಮಾತ್ರ ಅವನು ಹೊತ್ತಿಗೆ ಸರಿಯಾಗಿ ಮನೆಗೆ ಬಂದರೆ ಸಾಕೆನ್ನುತ್ತಾಳೆ.

ಅಲ್ಯುಮಿನಿಯಂ ಸೈಕಲ್ಲು ಇರುವ ಗೆಳೆಯರು ಎರಡು ಸಂಗತಿಗಳನ್ನು ಗಮನಿಸಬೇಕು. ಸೀಟಿನ ಕಂಬದ ಮೇಲೆ ಕನಿಷ್ಠ ಆಳದ ಗುರುತಿರುತ್ತದೆ. ಎತ್ತರದವರು ಆ ಗುರುತು ಹೊರಗೆ ಕಾಣುವಷ್ಟು ಕಂಬವನ್ನು ಎತ್ತಿದರೆ ಕೊಳವೆ ಸೀಳುತ್ತದೆ. ಎರಡನೆಯದು, ಮಳೆಗಾಲದ ಕೆಸರನ್ನು ತಿಂಗಳಿಗೊಮ್ಮೆಯಾದರೂ ತೊಳೆದು ಬೆಸುಗೆಯ ಕೂಡುಗಳನ್ನು ಬೆಳಕಿಗೆ ಹಿಡಿದು ನೋಡಬೇಕು.

ಕೆಟ್ಟ ಚೌಕಟ್ಟನ್ನು ಗುಜರಿಗೆ ಕೊಡುವುದು ನಷ್ಟವೆಂದು ಕೊರಗಬೇಕಾಗಿಲ್ಲ. ಅದಿರಿನಿಂದ ಅಲ್ಯುಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ನೂರರಲ್ಲಿ ಐದು ಪಾಲಿನಷ್ಟರಲ್ಲಿಯೇ ಹಳೆಯದನ್ನು ಕರಗಿಸಿ ಹೊಸದು ಮಾಡಬಹುದು. ಕೊಡುವ ಮುನ್ನ ಬಿರುಕಿನ ಕಡೆ ಗರಗಸದಿಂದ ಕೊಯ್ದು ಎರಡು ತುಂಡು ಮಾಡಿ ಕೊಡುವುದು ಒಳ್ಳೆಯದು. ಇಲ್ಲವಾದರೆ ಯಾರೋ ಬೆಸುಗೆ ಹಾಕಿ, ಬಣ್ಣ ಬಳಿದು, ಮತ್ತೊಬ್ಬ ಹುಡುಗನಿಗೆ ಮಾರಿಯಾರು.